ಎಣ್ಣೆ ಹೊಯ್ಯುವವರು ಯಾರು?



ಕಳೆದ ಬೇಸಗೆಯಲ್ಲಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಗೆಂದು ಕಾದು ಕುಳಿತಿದ್ದೆ. ಸಿರುಗುಪ್ಪದಿಂದ, ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದವರು ನನಗಿಂತ ಮುಂದಿದ್ದರು. ಪ್ರಯೋಗಾಲಯದ ತರುಣಿ ತಲೆಯೆತ್ತದೆ ಹೆಸರು ಕೇಳಿದಳು. ಹೇಳಿದ ಮೇಲೆ ಮತ್ತೆ ಕೇಳಿದಳು. ನಾನು ಸಿಡುಕಿದೆ. "ತಪ್ಪು ತಿಳೀಬೇಡಿ ಸಾರ್, ರಾತ್ರಿಪಾಳಿಯವರು ಬರಲಿಲ್ಲ, ನಿನ್ನೆಯಿಂದ ನಾನೊಬ್ಬಳೇ" ಎಂದಳು. ನನಗೆ ನಾಚಿಕೆಯಾಯಿತು.

ವೈದ್ಯರನ್ನೂ ದಾದಿಯರನ್ನೂ ನಾವು ನೆನೆಯುತ್ತೇವೆ. ರಕ್ತ ಪರೀಕ್ಷಿಸುವವರು, ಕ್ಷ-ಕಿರಣ ಚಿತ್ರ ತೆಗೆಯುವವರು, ಡಯಾಲಿಸಿಸ್ ಯಂತ್ರ ನಡೆಸುವವರು, ಫಿಜಿಯೋಥೆರಪಿಯವರು ನೆನಪಾಗುವುದು ತಪ್ಪು ನಡೆದಾಗ ಮಾತ್ರ. 2021ರಲ್ಲಿ ಸಂಸತ್ತು ಇಂಥವರಿಗಾಗಿಯೇ ಒಂದು ಕಾಯಿದೆ ಮಾಡಿತು. ಅದರ ಮುಖ್ಯ ಕಾಳಜಿ ಶಿಕ್ಷಣ, ನೋಂದಣಿಗಳದು. ದಣಿವಿನ ಪ್ರಶ್ನೆ ಬೇರೆ.

ಈ ದಣಿವನ್ನು 'ಬರ್ನ್‌ಔಟ್' ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದ ಬಗೆಗೆ ಜಿಗುಪ್ಸೆ ಹುಟ್ಟುವುದು, ಕಾರ್ಯದಕ್ಷತೆ ಕುಗ್ಗುವುದು. ಇದು ರೋಗವಲ್ಲ, ನಿಭಾಯಿಸದೆ ಬಿಟ್ಟ ದುಡಿಮೆಯ ಒತ್ತಡದ ಫಲ ಎಂದಿತು. ಆದುದರಿಂದ ಮದ್ದನ್ನು ದುಡಿಮೆಯ ವ್ಯವಸ್ಥೆಯಲ್ಲಿಯೇ ಹುಡುಕಬೇಕು: ಪಾಳಿಗೆ ಸಾಕಷ್ಟು ಜನ, ಬಾರದವರಿಗೆ ಬದಲಿ, ಊಟಕ್ಕೆ ಬಿಡುವು, ತಪ್ಪನ್ನು ಅಂಜದೆ ಹೇಳಿಕೊಳ್ಳಬಹುದಾದ ಮೇಲಧಿಕಾರಿ. ಇವಿಲ್ಲದೆ ಧ್ಯಾನದ ಉಪದೇಶ ಮಾತ್ರ ಮಾಡುವುದು ಎಣ್ಣೆ ಹೊಯ್ಯದೆ ಬತ್ತಿಯನ್ನು ಮೇಲಕ್ಕೆ ದೂಡಿದಂತೆ.

ನಮ್ಮ ಪಾಲಿಗೂ ಒಂದು ಸಣ್ಣ ಕರ್ತವ್ಯವಿದೆ. ಅವರ ಹೆಸರನ್ನು ನಾವೂ ಕೇಳಬಹುದು. ಅಂದು ನಾನು ಕೇಳಲಿಲ್ಲ.