ರೌಟರ್ ಕೊಳ್ಳುವ ಮುನ್ನ ಗೋಡೆ ಎಣಿಸಿ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂಥ ಬಡಾವಣೆಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಕೆಳಗೆ ಮಾಲೀಕರು, ಮಹಡಿಯಲ್ಲಿ ಬಾಡಿಗೆದಾರರು. ಬೀದಿಯ ಕಂಬದಿಂದ ಇಳಿದ ಫೈಬರ್ ತಂತಿ ಸಾಮಾನ್ಯವಾಗಿ ಹಾಲ್‌ನ ಟೀವಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮಕ್ಕಳು ಓದುವ ಕೋಣೆಯೋ ಹಿಂಭಾಗದಲ್ಲಿ. ಅಲ್ಲಿ ಪಾಠದ ವಿಡಿಯೊ ತಡೆತಡೆದು ಬಂದರೆ ಪೋಷಕರಿಗೆ ಹೊಳೆಯುವ ಮೊದಲ ಉಪಾಯ, ನಾಲ್ಕಾರು ಆಂಟೆನಾಗಳ ದುಬಾರಿ ರೌಟರ್. ಎಷ್ಟೋ ಸಲ ಹಣ ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಹಾಗಾದರೆ ರೌಟರ್ ಮಾಡುವುದೇನು? ಫೈಬರ್‌ನಲ್ಲಿ ಮಾಹಿತಿ ಬರುವುದು ಬೆಳಕಿನ ರೂಪದಲ್ಲಿ. ಅದನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವುದು ಓಎನ್‌ಟಿ ಎಂಬ ಪೆಟ್ಟಿಗೆ. ಆ ಒಂದೇ ಸಂಪರ್ಕವನ್ನು ಮನೆಯ ಫೋನ್, ಕಂಪ್ಯೂಟರ್, ಟೀವಿಗಳಿಗೆ ವಿಳಾಸ ಕೊಟ್ಟು ಹಂಚುವುದು ರೌಟರ್‌ನ ಕೆಲಸ. ತಂತಿಯಿಲ್ಲದೆ ತಲುಪಿಸುವುದು ವೈಫೈ. ಈಗ ಈ ಮೂರೂ ಕೆಲಸಗಳನ್ನು ಸಂಪರ್ಕ ಕೊಡುವ ಕಂಪನಿಯ ಒಂದೇ ಪೆಟ್ಟಿಗೆ ಮಾಡುವುದುಂಟು. ಆದ್ದರಿಂದ ಮೊದಲು ಅದನ್ನೇ ಕೇಳಿ ತಿಳಿಯಬೇಕು. ಪ್ರತ್ಯೇಕ ರೌಟರ್ ಬೇಕಾಗದೆಯೂ ಇರಬಹುದು.

ವೇಗದ ಬಗೆಗೂ ಭ್ರಮೆ ಬೇಡ. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಈ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು. ಸ್ಪಷ್ಟವಾದ ಒಂದು ಪಾಠದ ವಿಡಿಯೊಗೆ ಸುಮಾರು 5 ಮೆಗಾಬಿಟ್ ಸಾಕು. ಅಂದರೆ 40–50 ಮೆಗಾಬಿಟ್‌ನ ಯೋಜನೆಯೇ ಸಾಮಾನ್ಯ ಕುಟುಂಬಕ್ಕೆ ಧಾರಾಳ. ಅದು ಮೇಜಿನವರೆಗೆ ತಲುಪುವುದೇ ಎಂಬುದು ಮುಖ್ಯ.

ಅಡ್ಡ ಬರುವುದು ಗೋಡೆ. ವೈಫೈ ಅಲೆಗಳಲ್ಲಿ ಮುಖ್ಯವಾಗಿ ಎರಡು ಪಟ್ಟಿಗಳು ಬಳಕೆಯಲ್ಲಿವೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6 ಸೆಂಟಿಮೀಟರ್. ಮೊದಲನೆಯದು ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಅದರಲ್ಲೇ ನುಗ್ಗಾಡುತ್ತವೆ. ಎರಡನೆಯದು ವೇಗಶಾಲಿ, ಆದರೆ ಬೇಗ ಸೊರಗುತ್ತದೆ. ಬಯಲಿನಲ್ಲೇ ದೂರ ಇಮ್ಮಡಿಯಾದರೆ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಚಾವಣಿ, ಉಕ್ಕಿನ ಬೀರು, ನೀರಿನ ಡ್ರಮ್ ಎದುರಾದರೆ ಕೇಳುವುದೇ ಬೇಡ.

ಹೀಗಾಗಿ ಕೊಳ್ಳುವ ಮುನ್ನ ವಿದ್ಯಾರ್ಥಿಗಳೇ ಒಂದು ಪ್ರಯೋಗ ಮಾಡಬಹುದು. ಇರುವ ಪೆಟ್ಟಿಗೆಯ ಪಕ್ಕದಲ್ಲಿ, ಆಮೇಲೆ ಒಂದೊಂದು ಕೋಣೆಯಲ್ಲಿ ಫೋನ್‌ನಿಂದ ಮೂರು ಮೂರು ಬಾರಿ ವೇಗ ಅಳೆದು ಸರಾಸರಿ ಬರೆದಿಡಬೇಕು. ಪಕ್ಕದಲ್ಲೇ ವೇಗ ಕಡಿಮೆಯಿದ್ದರೆ ಫೋನ್ ಬದಲು ಕಂಪ್ಯೂಟರನ್ನು ತಂತಿಯಿಂದ ಜೋಡಿಸಿ ಅಳೆಯಿರಿ. ಆಗಲೂ ಕಡಿಮೆಯಾದರೆ ಕಂಪನಿಯನ್ನು ಕೇಳಬೇಕು. ಕೋಣೆಯಲ್ಲಿ ಮಾತ್ರ ಕುಸಿದರೆ ದೋಷ ಗೋಡೆಯದು. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿ, ಬೀರುವಿನಿಂದ ದೂರ ಇಟ್ಟು ಮತ್ತೆ ಅಳೆಯಿರಿ. ಅದೂ ಸಾಲದಿದ್ದರೆ ಓದುವ ಕೋಣೆಗೆ ಒಂದು ಈಥರ್‌ನೆಟ್ ಕೇಬಲ್ ಎಳೆಯುವುದು ಉತ್ತಮ.

ಇಷ್ಟಾದ ಮೇಲೂ ಕೊಳ್ಳಲೇಬೇಕಾದರೆ ಗಮನಿಸಬೇಕಾದ್ದು ಇವು: ಎರಡೂ ಪಟ್ಟಿಗಳಿರುವ ‘ಡ್ಯುಯಲ್ ಬ್ಯಾಂಡ್’ ರೌಟರ್, 100 ಮೆಗಾಬಿಟ್ ಮೀರಿದ ಯೋಜನೆಯಾದರೆ ಗಿಗಾಬಿಟ್ ಪೋರ್ಟ್‌ಗಳು, ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2 ಭದ್ರತೆ. ಟೆಲಿಫೋನ್ ತಂತಿಗೆಂದೇ ಮಾಡಿದ ಹಳೆಯ ಎಡಿಎಸ್ಎಲ್ ಮೋಡೆಮ್ ಫೈಬರ್‌ಗೆ ಬೇಡ. ರಟ್ಟಿನ ಡಬ್ಬಿಯ ಮೇಲಿನ 1200 ಎಂಬ ಸಂಖ್ಯೆ ಎರಡೂ ಪಟ್ಟಿಗಳ ಲೆಕ್ಕಾಚಾರದ ವೇಗಗಳ ಮೊತ್ತ. ಯಾವ ಫೋನಿಗೂ ಅಷ್ಟು ಸಿಗದು. ಫೋನ್‌ಗಳು ವೈಫೈ 5ರವಾದರೆ ವೈಫೈ 7ರ ರೌಟರ್ ತಂದು ಪ್ರಯೋಜನವೂ ಅಲ್ಪ.

ಜೋಡಿಸಿದ ದಿನವೇ ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಪರೀಕ್ಷೆಯ ಕಾಲದಲ್ಲಿ ಕರೆಂಟ್ ಹೋಗುವ ಭಯವಿದ್ದರೆ ರೌಟರ್‌ಗೆಂದೇ ದೊರೆಯುವ ಪುಟ್ಟ ಯುಪಿಎಸ್ ನೆರವಾಗುತ್ತದೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪೇರ್ ನೋಡಿಯೇ ಕೊಳ್ಳಬೇಕು. ಓಎನ್‌ಟಿ ಬೇರೆಯಿದ್ದರೆ ಅದಕ್ಕೂ ವಿದ್ಯುತ್ ಬೇಕೆಂಬುದು ನೆನಪಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ರೌಟರ್‌ಗೂ ಸಲ್ಲುತ್ತದೆ. ಅಂಗಡಿಗೆ ಹೋಗುವಾಗ ಮಕ್ಕಳು ಅಳೆದು ಬರೆದ ಪಟ್ಟಿ ಕೈಯಲ್ಲಿದ್ದರೆ ಮಾರುವವನ ಮಾತಿಗೆ ಮರುಳಾಗುವ ಪ್ರಮೇಯವಿಲ್ಲ. ಉಳಿದ ಹಣ ಪುಸ್ತಕಕ್ಕಾದೀತು.