ಒಂದು ಚೀಲದ ಎಂಜಿನಿಯರಿಂಗ್

ಮಿನಿ ಪ್ರಾಜೆಕ್ಟ್ ಎಂದ ಕೂಡಲೇ ನಮ್ಮ ಕ್ಲಾಸಿನ ಬಹುತೇಕರು ಸೆನ್ಸರ್, ಆ್ಯಪ್ ಎಂದು ಹೊರಟರು. ನಾನು ಆರಿಸಿಕೊಂಡದ್ದು ಬಿಳಿಜೋಳ. ಶಹಾಪುರದ ನಮ್ಮ ಮನೆಯಲ್ಲಿ ದಿನಾ ರೊಟ್ಟಿಯಾಗುವ ಜೋಳಕ್ಕೆ ಮೊಳಕೆ ಬರಿಸಿ, ಸಕ್ಕರೆ ಹಾಕದೆಯೇ ಸಿಹಿಯಾದ ಮಾಲ್ಟ್ ಪಾನೀಯ ಮಾಡಬೇಕು ಎಂಬುದು ಯೋಜನೆ.

ಬಿಯರ್ ತಯಾರಿಕೆಯ ಮೊದಲರ್ಧವೂ ಇದೇ. ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹಲವರು ಬಾರ್ಲಿ ಮಾಲ್ಟಿನ ನುಚ್ಚನ್ನು ಬಟ್ಟೆಚೀಲಕ್ಕೆ ಹಾಕಿ ಬಿಸಿನೀರಿನಲ್ಲಿಟ್ಟು ಸಿಹಿನೀರು ಇಳಿಸುತ್ತಾರೆ. ಆಮೇಲೆ ಯೀಸ್ಟ್ ಹಾಕುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹಾಗಾಗಿ ನನ್ನ ಪ್ರಾಜೆಕ್ಟ್ ಸಿಹಿನೀರಿಗೇ ಮುಗಿಯುವಂಥದ್ದು.

ಮೊಳಕೆ ಬರಿಸುವುದು ಅವ್ವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಜೋಳದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅದರ ಮೊಳಕೆ, ಬೇರುಗಳಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ಎಳೆ ಜೋಳದ ಬೆಳೆ ಮೇಯ್ದ ದನಗಳು ಸಾಯುವುದು ಇದರಿಂದಲೇ. ಆದ್ದರಿಂದ ಮೊಳೆತ ಕಾಳನ್ನು ಚೆನ್ನಾಗಿ ಒಣಗಿಸಿ, ಉಜ್ಜಿ, ಮೊಳಕೆ-ಬೇರುಗಳನ್ನೆಲ್ಲ ಕೇರಿ ತೆಗೆದ ಮೇಲೆಯೇ ಗಿರಣಿಯಲ್ಲಿ ನುಚ್ಚು ಒಡೆಸಿದೆವು.

ಸಮಸ್ಯೆ ಬಂದದ್ದು ಸೋಸುವಾಗ. ಬಾರ್ಲಿಗೆ ಹೊಟ್ಟಿನ ಸಿಪ್ಪೆ ಅಂಟಿಕೊಂಡಿರುತ್ತದೆ. ಆ ಸಿಪ್ಪೆಯೇ ತಳದಲ್ಲಿ ಕೂತು ಜರಡಿಯಂತೆ ಕೆಲಸ ಮಾಡುತ್ತದೆ. ರಾಶಿ ಮಾಡಿದ ಜೋಳ ಬರೀ ಕಾಳು. ಜೊತೆಗೆ ಅದರ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಉಳಿಯುವುದಿಲ್ಲ. ಅದಕ್ಕೆ ನುಚ್ಚು ನೆನೆಸಿದ ತಿಳಿನೀರನ್ನು ಮೊದಲೇ ಬಸಿದಿಟ್ಟು, ನುಚ್ಚನ್ನು ಬೇಯಿಸಿ, 65 ಡಿಗ್ರಿಗೆ ಆರಿಸಿ, ಆ ತಿಳಿನೀರನ್ನು ಮತ್ತೆ ಬೆರೆಸಬೇಕು. ಕಿಣ್ವ ಇರುವುದು ಆ ತಿಳಿಯಲ್ಲಿ. ಹೀಗೆ ಬೆಂದ ನುಚ್ಚು ಗಂಜಿಯಂತೆ ಅಂಟು. ಎಲ್ಲ ಭಾರವೂ ಬಟ್ಟೆಯ ಮೇಲೆ.

ಮೊದಲು ಸೊಳ್ಳೆ ಪರದೆಯ ತುಂಡು ತಂದೆ. 'ನೊಣ ತೂರೋ ತೂತಿನ್ಯಾಗ ನುಚ್ಚು ನಿಲ್ಲತೈತೇನೋ?' ಎಂದು ಅವ್ವ ನಕ್ಕಳು. ನಿಲ್ಲಲಿಲ್ಲ. ಎರಡನೆಯದು ಅಪ್ಪನ ಹಳೆಯ ಧೋತರ. ನಾನೇ ಸೂಜಿಯಲ್ಲಿ ಒಂದೆಳೆ ಹೊಲಿಗೆ ಹಾಕಿದ್ದೆ. ನೇಯ್ಗೆ ಎಷ್ಟು ಒತ್ತೆಂದರೆ ಹಿಟ್ಟು ಕಟ್ಟಿಕೊಂಡು ಒಂದು ಹನಿಯೂ ಇಳಿಯದು. 'ತೂಗಹಾಕು, ಮೊಸರು ಇಳಿಸಿದಂಗ ತಾನಾ ಇಳೀತೈತಿ' ಎಂದಳು ಅವ್ವ. ನನಗೆ ಅವಸರ. ಆಕೆಯ ಕೈಗೆ ಒಂದು ತುದಿ ಕೊಟ್ಟು ಇನ್ನೊಂದನ್ನು ತಿರುವಿದೆ. ಹೊಲಿಗೆ ಬಿಚ್ಚಿತು. ಬಿಸಿ ನುಚ್ಚು ಅವ್ವನ ಮಣಿಕಟ್ಟಿನ ಮೇಲೆ ಬಿತ್ತು.

ವಾರ ಪೂರ್ತಿ ಮನೆಯಲ್ಲಿ ಅಪ್ಪನೇ ರೊಟ್ಟಿ ಬಡಿದರು. ನಾನು ಚೀಲ ಮುಟ್ಟಲಿಲ್ಲ. ಕೊನೆಗೆ ಅವ್ವನೇ, 'ದರ್ಜಿ ಕಡೆ ಹೋಗು' ಎಂದಳು.

ದರ್ಜಿ ಕೇಳಿದ ಮೊದಲ ಪ್ರಶ್ನೆ: 'ಇದು ಎಷ್ಟು ಭಾರ ಹೊರಬೇಕಪಾ?' ಐದು ಸೆಮಿಸ್ಟರ್ ಓದಿದ ನಾನು ಈ ಲೆಕ್ಕವನ್ನೇ ಹಾಕಿರಲಿಲ್ಲ. ಒಂದು ಕೆ.ಜಿ. ನುಚ್ಚು ಹತ್ತಿರತ್ತಿರ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಕೆ.ಜಿ. ಹಾಕಿದರೆ ಎತ್ತುವಾಗ ನಾಲ್ಕು ಕೆ.ಜಿ., ಅದೂ ನೀರು ಬಸಿದ ಮೇಲೆ.

ಅಲ್ಲೇ ಕೂತು ಚೀಲದ ವಿನ್ಯಾಸ ಬರೆದೆ. ಬಟ್ಟೆ ತೆಳು ಬಿಳಿ ಪಾಲಿಯೆಸ್ಟರ್ ಆಗಬೇಕು. ರಂಧ್ರ ಸುಮಾರು ಕಾಲು ಮಿಲಿಮೀಟರ್ ಇದ್ದರೆ ನೀರು ಇಳಿಯುತ್ತದೆ, ನುಚ್ಚು ನಿಲ್ಲುತ್ತದೆ. ಬಾಯಿ ಪಾತ್ರೆಯ ಅಂಚಿನ ಮೇಲೆ ಮಡಚುವಷ್ಟು ಅಗಲ, ತಳ ಕಿರಿದು. ಹೊಲಿಗೆ ಎರಡೆಳೆ. ಎಲ್ಲಕ್ಕಿಂತ ಮುಖ್ಯ, ಎತ್ತುವ ಪಟ್ಟಿ ಚೀಲದ ತಳವನ್ನು ಸುತ್ತಿಕೊಂಡು ಬರಬೇಕು. ಆಗ ಭಾರ ಪಟ್ಟಿಯ ಮೇಲೆ ಬೀಳುತ್ತದೆ, ಹೊಲಿಗೆಯ ಮೇಲಲ್ಲ. ಮಾರಾಟಕ್ಕೆ ಮಾಡುವವರು ಮಾತ್ರ ಆಹಾರ ದರ್ಜೆಯ ಜಾಲರಿಯನ್ನೇ ಕೊಳ್ಳಬೇಕು.

ಹೊಸ ಚೀಲವನ್ನು ತೊಟ್ಟಿಲ ಕೊಂಡಿಗೆ ತೂಗಹಾಕಿದೆವು. ಯಾರೂ ಹಿಂಡಲಿಲ್ಲ. ಒಂದು ತಾಸಿನಲ್ಲಿ ಸಿಹಿನೀರು ತಾನಾಗಿ ಇಳಿಯಿತು. ಒಂದು ಹನಿಗೆ ಅಯೋಡಿನ್ ಹಾಕಿದೆ. ನೀಲಿ ಬರಲಿಲ್ಲ, ಅಂದರೆ ಪಿಷ್ಟ ಸಕ್ಕರೆಯಾಗಿತ್ತು.

ವೈವಾದಲ್ಲಿ ಪರೀಕ್ಷಕರು ಕಿಣ್ವದ ಬಗ್ಗೆ ಕೇಳಲೇ ಇಲ್ಲ. 'ಇದೇ ಬಟ್ಟೆ ಯಾಕೆ?' ಎಂದರು. ಹತ್ತು ನಿಮಿಷ ಮಾತಾಡಿದೆ. ನಾಳೆ ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದರೂ ಮೊದಲು ಹರಿದ ಚೀಲದ ಕಥೆಯನ್ನೇ ಹೇಳುತ್ತೇನೆ.

ಅವ್ವನ ಮಣಿಕಟ್ಟಿನ ಮೇಲೆ ಕಂದು ಕಲೆ ಇನ್ನೂ ಇದೆ. ವರದಿಯಲ್ಲಿ 'ಸುರಕ್ಷತೆ' ಎಂಬ ಅಧ್ಯಾಯವನ್ನು ನಾವೆಲ್ಲ ಸೀನಿಯರ್‌ಗಳ ವರದಿಯಿಂದ ನಕಲು ಮಾಡುತ್ತೇವೆ. ಈ ಸಲ ಅದನ್ನು ನಾನೇ ಬರೆದೆ.