ಓವನ್ ಇಲ್ಲದ ಮನೆಯಲ್ಲಿ ಸೊಪ್ಪಿನ ರೋಸ್ಟ್ ಚಿಕನ್

ನಮ್ಮ ಮನೆಯಲ್ಲಿ ಚಿಕನ್ ಎಂದರೆ ಎರಡೇ ಬಗೆ. ಸಾಲನ್, ಇಲ್ಲವೇ ಎಣ್ಣೆಯಲ್ಲಿ ಕರಿದ ಕಬಾಬ್. ಕಳೆದ ವರ್ಷ ಡಾಕ್ಟರು ಅಬ್ಬಾಗೆ ಎಣ್ಣೆ, ಕೊಬ್ಬು ಕಡಿಮೆ ಮಾಡಲು ಹೇಳಿದರು. ಅಂದಿನಿಂದ ಭಾನುವಾರ ನಾವೆಲ್ಲ ಕಬಾಬ್ ತಿನ್ನುವಾಗ ಅಬ್ಬಾ ದಸ್ತರ್‌ಖಾನಿನ ತುದಿಯಲ್ಲಿ ಕುಳಿತು ಬೇಳೆಸಾರು ಅನ್ನ ತಿನ್ನುತ್ತಿದ್ದರು. ಅವರು ಏನೂ ಹೇಳುತ್ತಿರಲಿಲ್ಲ. ಆದರೆ ನನಗೆ ಕಬಾಬ್ ರುಚಿಸುತ್ತಿರಲಿಲ್ಲ. ಎಲ್ಲರೂ ಒಂದೇ ತಟ್ಟೆಯಿಂದ ತಿನ್ನುವಂಥದ್ದು ಏನಾದರೂ ಮಾಡಬೇಕು ಅನ್ನಿಸಿತು.

ಮೊಬೈಲಿನಲ್ಲಿ ರೋಸ್ಟ್ ಚಿಕನ್ ಮಾಡುವುದನ್ನು ನೋಡಿದೆ. ಎಣ್ಣೆ ಎರಡೇ ಚಮಚ. ಆದರೆ ಓವನ್ ಬೇಕು, ಥೈಮ್, ಒರೆಗಾನೊ ಎಂಬ ಸೊಪ್ಪು ಬೇಕು. ತಾಂಡವಪುರದ ನಮ್ಮ ಬೀದಿಯ ಅಂಗಡಿಯಲ್ಲಿ ಕೇಳಿದರೆ ನಕ್ಕರು.

ಯಾವ ಸೊಪ್ಪು?

ಉತ್ತರ ನಮ್ಮ ಮನೆಯ ಹಿಂದಿನ ಕುಂಡದಲ್ಲೇ ಇತ್ತು. ನಾವು ಮನೆಯಲ್ಲಿ ಅಜವಾನ್ ಪತ್ತಾ ಎನ್ನುವ, ಪಕ್ಕದ ಮನೆಯವರು ದೊಡ್ಡಪತ್ರೆ ಎನ್ನುವ ಗಿಡ. ಮಕ್ಕಳಿಗೆ ಕೆಮ್ಮು ಬಂದರೆ ಎರಡೂ ಮನೆಯವರು ಇದರ ರಸ ಕೊಡುತ್ತಾರೆ. ಥೈಮ್ ಮತ್ತು ಒರೆಗಾನೊಗೆ ವಾಸನೆ ಕೊಡುವುದು ಥೈಮಾಲ್, ಕಾರ್ವಕ್ರಾಲ್ ಎಂಬ ಅಂಶಗಳು. ದೊಡ್ಡಪತ್ರೆಯ ಘಾಟೂ ಇವುಗಳಿಂದಲೇ. ಇದರ ಜೊತೆಗೆ ಕೊತ್ತಂಬರಿ, ಪುದೀನ ಸೇರಿದರೆ ಸಾಕು.

ಮೊದಲ ಸಲ ಆದ ತಪ್ಪು

ಫ್ರಿಜ್‌ನಿಂದ ತೆಗೆದ ಕೋಳಿಯನ್ನು ನೇರವಾಗಿ ಜೋರು ಉರಿಯ ಮೇಲೆ ಇಟ್ಟೆ. ಅರ್ಧ ಗಂಟೆಯಲ್ಲಿ ಮೇಲಿನ ಸೊಪ್ಪು ಸೀದು ಕಪ್ಪಾಯಿತು. ತೊಡೆಯ ಮೂಳೆಯ ಹತ್ತಿರ ಮಾಂಸ ಇನ್ನೂ ಹಸಿ, ರಕ್ತ ಕಾಣುತ್ತಿತ್ತು. ಅಮ್ಮಿ ಬೈಯದೆ ಅದನ್ನು ತುಂಡು ಮಾಡಿ ಸಾಲನ್‌ಗೆ ಹಾಕಿದರು. ಅಬ್ಬಾಗೆ ಅಂದೂ ಬೇಳೆಸಾರೇ ಆಯಿತು.

ಆಮೇಲೆ ಯೋಚಿಸಿದೆ. ನಮ್ಮ ಅಂಗಡಿಗಳಲ್ಲಿ ಕೋಳಿಯನ್ನು ಚರ್ಮ ಸುಲಿದು ಕೊಡುತ್ತಾರೆ. ಚರ್ಮದಲ್ಲಿ ಕೊಬ್ಬು ಹೆಚ್ಚು, ಆದ್ದರಿಂದ ಅಬ್ಬಾಗೆ ಸುಲಿದದ್ದೇ ಒಳ್ಳೆಯದು. ಆದರೆ ಮಾಂಸ ಒಣಗದಂತೆ ಕಾಯುವುದೂ ಅದೇ ಚರ್ಮ. ಆ ಕೆಲಸಕ್ಕೆ ಬೇರೆ ಏನಾದರೂ ಬೇಕು. ಅದು ಗಟ್ಟಿ ಮೊಸರು. ಮೊಸರಿನ ಹುಳಿಯಿಂದ ಮಾಂಸ ಮೃದುವಾಗುತ್ತದೆ, ಅದರಲ್ಲಿ ಕಲಸಿದ ಸೊಪ್ಪು ಬೇಗ ಸೀಯುವುದೂ ಇಲ್ಲ. ಇನ್ನು ಓವನ್ ಎಂದರೆ ಮೇಲೆ, ಕೆಳಗೆ ಎರಡೂ ಕಡೆ ಶಾಖ. ಬಿರಿಯಾನಿಗೆ ದಮ್ ಕೊಡುವಾಗ ಅಮ್ಮಿ ಮಾಡುವುದೂ ಅದನ್ನೇ ಅಲ್ಲವೇ?

ಮಾಡುವ ವಿಧಾನ

1 ಕೆ.ಜಿ. 200 ಗ್ರಾಂ ತೂಗುವ, ಸುಲಿದ ಇಡೀ ಕೋಳಿ ತನ್ನಿ. ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬೇಡಿ, ನೀರು ಸಿಡಿದು ರೋಗಾಣುಗಳು ಸುತ್ತಲ ಪಾತ್ರೆಗಳಿಗೂ ಹರಡುತ್ತವೆ. ಎದೆ ಮತ್ತು ತೊಡೆಗೆ ಮೂಳೆ ಮುಟ್ಟುವಂತೆ ಗೀರು ಹಾಕಿ, ಬಟ್ಟೆಯಿಂದ ಒರೆಸಿ.

ಒಂದು ಹಿಡಿ ಕೊತ್ತಂಬರಿ, ಅರ್ಧ ಹಿಡಿ ಪುದೀನ, 8 ದೊಡ್ಡಪತ್ರೆ ಎಲೆ, 4 ಹಸಿಮೆಣಸಿನಕಾಯಿ ರುಬ್ಬಿ. ಇದಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು, 2 ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಒಂದು ಚಮಚ ಮೆಣಸಿನ ಪುಡಿ (ಕಾಳುಮೆಣಸು), 2 ಚಮಚ ಉಪ್ಪು, 2 ಚಮಚ ಎಣ್ಣೆ ಸೇರಿಸಿ ಗೀರಿನ ಒಳಗೂ ಹೊರಗೂ ಹಚ್ಚಿ. ಹೊಟ್ಟೆಯೊಳಗೆ ಅರ್ಧ ನಿಂಬೆಹಣ್ಣು, ಉಳಿದ ಸೊಪ್ಪಿನ ದಂಟು ತುಂಬಿ. ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಒಲೆಗೆ ಇಡುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ.

ದಪ್ಪ ತಳದ ದೇಗ್ಚಿಯಲ್ಲಿ ಈರುಳ್ಳಿ, ಆಲೂಗಡ್ಡೆ ಬಿಲ್ಲೆಗಳನ್ನು ಹಾಸಿ ಅದರ ಮೇಲೆ ಕೋಳಿ ಇಡಿ. ಆಗ ಮಾಂಸ ತಳಕ್ಕೆ ಹತ್ತುವುದಿಲ್ಲ. ಮಧ್ಯಮ ಉರಿಯಲ್ಲಿ 10 ನಿಮಿಷ. ನಂತರ ಕೆಳಗೆ ತವಾ ಇಟ್ಟು ಉರಿ ಸಣ್ಣ ಮಾಡಿ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡಿ. ಅರ್ಧ ಗಂಟೆಯ ನಂತರ ಬಿಟ್ಟ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ, ಇಲ್ಲದಿದ್ದರೆ ರೋಸ್ಟ್ ಹೋಗಿ ಸಾರು ಆಗುತ್ತದೆ. ಹೊಸ ಕೆಂಡ ಹಾಕಿ ಇನ್ನೂ 25 ನಿಮಿಷ ಬಿಡಿ. ಕೆಂಡದ ಹೊಗೆ ಅಪಾಯ. ಮುಚ್ಚಿದ ಕೋಣೆಯಲ್ಲಿ ಬೇಡ, ನಾವು ಹಿತ್ತಲಲ್ಲೇ ಮಾಡಿದೆವು.

ಬೆಂದಿದೆಯೇ ಎಂದು ತಿಳಿಯಲು ತೊಡೆಯ ದಪ್ಪ ಭಾಗಕ್ಕೆ ಚಾಕು ಚುಚ್ಚಿ. ಬರುವ ರಸ ಕೆಂಪಾಗಿದ್ದರೆ ಇನ್ನೂ ಬೇಯಬೇಕು. ಥರ್ಮಾಮೀಟರ್ ಇದ್ದವರಿಗೆ ಲೆಕ್ಕ ಸುಲಭ. ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಇಳಿಸಿದ ಮೇಲೆ 10 ನಿಮಿಷ ಬಿಟ್ಟು ಕತ್ತರಿಸಿ, ರಸ ಒಳಗೇ ಉಳಿಯುತ್ತದೆ.

ಓವನ್‌ನಲ್ಲಿ ಮಾಡಿದಷ್ಟು ಗರಿಗರಿ ಆಗುವುದಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಎರಡನೇ ಸಲ ಮೂಳೆಯವರೆಗೂ ಬೆಂದಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಅಬ್ಬಾ ಕೈ ತೊಳೆದು ನಮ್ಮ ಮಧ್ಯೆ ಕುಳಿತರು. ಒಂದು ತುಂಡು ತಿಂದು, "ಉಪ್ಪು ಸ್ವಲ್ಪ ಕಡಿಮೆಯಾಗಿದೆ ಬೇಟಾ" ಎಂದರು. ಆಮೇಲೆ ತಟ್ಟೆ ಮುಂದೆ ಚಾಚಿ ಇನ್ನೊಂದು ತುಂಡು ಹಾಕಿಸಿಕೊಂಡರು.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಬೇರೆ ಪಾತ್ರೆಯಲ್ಲಿ ಊಟ ಮಾಡುವವರು ಯಾರಾದರೂ ಇದ್ದರೆ ಮುಂದಿನ ಭಾನುವಾರ ಇದನ್ನು ಮಾಡಿ ನೋಡಿ.